ಗವ್ವನ ಪಕ್ಕದ ಜಾಗ

ಕಾರ್ಟೂನಿನ ಬೆಂಚು ಬರೆದು ಮುಗಿದಿತ್ತು. ಎಡಗಡೆ ಕೊಕ್ಕಿನ ಅಜ್ಜಿ, ಬಲಗಡೆ ಚಿಪ್ಪು ಹೊತ್ತ ಅಂಚೆಯವನು, ಇಬ್ಬರ ನಡುವೆ ರೋಮದ ಮೈಯ ಗವ್ವ ಕೂರಬೇಕು. ಇಷ್ಟೇ ಕೆಲಸ. ಇಷ್ಟಕ್ಕೆ ಬೆಳಿಗ್ಗೆ ಒಂಬತ್ತೂವರೆಯಿಂದ ಒದ್ದಾಡುತ್ತಿದ್ದ. ಕಾಗದದಡಿಯ ಲೈಟ್ ಬಾಕ್ಸಿನ ಬೆಳಕು ಕೆಳಗಿನಿಂದ ಕಣ್ಣಿಗೆ ಚುಚ್ಚಿ ಹಣೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಹನ್ನೊಂದು ಸ್ಟಾಪು ನಿಂತೇ ಬಂದದ್ದಕ್ಕೆ ಮೊಣಕಾಲು ಬೇರೆ ನೋಯುತ್ತಿತ್ತು. ಗವ್ವನನ್ನು ನಾಲ್ಕು ಸಲ ಬರೆದ. ನಾಲ್ಕು ಸಲವೂ ಅದು ಅಜ್ಜಿಯಿಂದ ಒಂದು ಗೇಣು, ಅಂಚೆಯವನಿಂದ ಒಂದು ಗೇಣು ದೂರ ಸರಿದು ಕೂತಿತು, ಜಾಗ ಸಾಲದೆ ಬೆಂಚನ್ನೇ ಎಳೆದು ಉದ್ದ ಮಾಡಬೇಕಾಯಿತು. ಐದನೆಯ ಸಲ ಹಟ ಹಿಡಿದು ಅಂಟಿಸಿ ಬರೆದ. ನೋಡಿದರೆ ಗವ್ವ ಅಜ್ಜಿಯನ್ನು ತಳ್ಳುತ್ತಿರುವ ಹಾಗೆ ಕಂಡಿತು. ಅಳಿಸಿದ. ಕಾಗದ ಹರಿಯಿತು. "ಥೂ ನಿನ್ನ," ಎಂದ. ಯಾರಿಗೆ ಬೈದನೋ ಅವನಿಗೇ ತಿಳಿಯಲಿಲ್ಲ. ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಮೂರು ಗಂಟೆಗೆ ಮಗಳ ಶಾಲೆಯಲ್ಲಿರಬೇಕು. ಅಲ್ಲಿ ಮೂವತ್ತೆರಡು ಮಕ್ಕಳ ಮುಂದೆ ನಿಂತು ಒಂದೋ ಮಗಳ ಮಾನ ತೆಗೆಯಬೇಕು, ಇಲ್ಲಾ ಒಂದು ಸುಳ್ಳನ್ನು ಎರಡನೆಯ ಸಲ ಹೇಳಬೇಕು.

ಆರು ವರ್ಷದಿಂದ ‘ಎಲ್ಲರೂರು’ ಎಂಬ ಮಕ್ಕಳ ಕಾರ್ಟೂನಿನಲ್ಲಿ ಗುಂಪು ಬರೆಯುವುದು ಅವನ ಕೆಲಸ. ಮುಂದೆ ನಿಂತು ಮಾತಾಡುವ ನಾಯಕ, ನಾಯಕಿ, ಕರಡಿ ಮೇಯರ್ ಇವರ ಮುಖಗಳನ್ನು ಬೇರೆಯವರು ಬರೆಯುತ್ತಾರೆ. ಹಿಂದೆ ಬೀದಿಯಲ್ಲಿ ಓಡಾಡುವವರು, ಸಭೆಯಲ್ಲಿ ಕೂತವರು, ಬಸ್ಸಿಗೆ ಕಾಯುವವರು, ಮೇಯರ್ ಕಂಡೊಡನೆ ಓಡಿಬಂದು ಮೈಮೇಲೆ ಬೀಳುವವರು, ಎಲ್ಲ ಅವನ ಪಾಲು. ಅದಕ್ಕೇ ಅವನಿಗೆ ಸಂತೆ ಎಂದು ಹೆಸರು ಬಿದ್ದಿತ್ತು. "ಏನೋ ಸಂತೆ, ಇವತ್ತು ಎಷ್ಟು ತಲೆ?" ಎಂದು ಯಾರಾದರೂ ದಿನಾ ಕೇಳುವರು, ಅವನೂ ದಿನಾ ಹಲ್ಲು ಕಿರಿಯುವನು. ಎಲ್ಲರೂರಿನಲ್ಲಿ ಕೊಕ್ಕಿನವರು, ಚಿಪ್ಪಿನವರು, ಕೊಂಬಿನವರು, ಬಾಲದವರು ಎಲ್ಲರೂ ಒಟ್ಟಿಗೆ ಬದುಕುತ್ತಾರೆ. ಗವ್ವಗಳು ಮಾತ್ರ ಆಮೇಲೆ ಬಂದವು, ಗುಡ್ಡದ ಗವಿಗಳಿಂದ ಇಳಿದು: ಬೂದುಗಪ್ಪು ರೋಮ, ಕಪ್ಪು ಉಗುರು, ಬಗ್ಗಿದ ಬೆನ್ನು. ಈಗ ಕೊನೆಯ ಕಂತು. ಗವ್ವಗಳೂ ಊರಿನವೇ ಎಂದು ಮೇಯರ್ ಸಾರುತ್ತಾನೆ, ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂರುತ್ತಾರೆ, ಹಾಡು ಬರುತ್ತದೆ, ಮುಗಿಯುತ್ತದೆ. "ನೋಡಿದ ತಾಯಂದಿರು ಸೆರಗಲ್ಲಿ ಕಣ್ಣೊರೆಸ್ಕೋಬೇಕು ಕಣಯ್ಯಾ," ಎಂದಿದ್ದರು ಯಜಮಾನರು. ಅವರು ಈ ಸ್ಟುಡಿಯೋದ ಒಡೆಯರು. ಬೇರೆಯವರ ಕಣ್ಣೀರಿನ ಬಗ್ಗೆ ಅವರಿಗೆ ಅಪಾರ ನಂಬಿಕೆ.

"ಅಪ್ಪಾ, ಮೂರು ಗಂಟೆಗೆ ಬರ್ತೀಯಲ್ಲ? ಮರೀಬೇಡ," ಎಂದಿದ್ದಳು ಪುಟ್ಟಿ ಬೆಳಿಗ್ಗೆ, ಅಮ್ಮ ಜಡೆ ಎಳೆದು ಬಿಗಿಯುತ್ತಿದ್ದಾಗ ಕತ್ತು ವಾರೆ ಮಾಡಿಕೊಂಡು. ಒಂಬತ್ತು ವರ್ಷದ ಹುಡುಗಿ. ಮುಖದಲ್ಲಿ ಹೆದರಿಕೆಯ ಸುಳಿವೇ ಇಲ್ಲ. "ನೀನು ಬಂದು ಅದು ನಿಯಮ ಅಂತ ಹೇಳಿಬಿಡು. ನಾನು ಎಷ್ಟು ಹೇಳಿದ್ರೂ ಟೀಚರ್ ನಂಬ್ತಾ ಇಲ್ಲ. ಬರೆಯೋರೇ ಬಂದು ಹೇಳಿದ್ರೆ ಆಯ್ತಲ್ಲ." ಹೆಂಡತಿ ಅವನ ಕಡೆ ನೋಡಲಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತುತ್ತ, "ನಿಮ್ಮ ಮಗಳು ನಿಮ್ಮ ಹೆಸರು ಹೇಳಿದಾಳೆ, ನೀವೇ ಹೋಗಿ ಬಗೆಹರಿಸಿ. ನನಗೆ ಆ ಟೀಚರ್ ಮುಖ ನೋಡೋ ಧೈರ್ಯ ಇಲ್ಲ," ಎಂದಳು. ಟೀಚರ್ ಡೈರಿಯಲ್ಲಿ ಎರಡೇ ಸಾಲು ಬರೆದಿದ್ದರು. ಫೋನಿನಲ್ಲಿ ಮಿಕ್ಕದ್ದು ಹೇಳಿದ್ದರು. ಹೊಳೆಯಾಚೆಯವರ ಶಾಲೆ ಮುಚ್ಚಿಹೋಗಿ ಅವರ ಮಕ್ಕಳನ್ನು ಈ ವರ್ಷ ಇಲ್ಲಿಗೆ ಸೇರಿಸಿದ್ದಾರೆ. ಪುಟ್ಟಿಯ ಕ್ಲಾಸಿಗೆ ಒಬ್ಬಳು ಬಂದಿದ್ದಾಳೆ. ಮೂವರು ಕೂರುವ ಬೆಂಚಿನಲ್ಲಿ ಮೂರು ತಿಂಗಳಿಂದ ಅವಳೊಬ್ಬಳೇ. ಅವಳ ಪಕ್ಕ ಒಂದು ಜಾಗ ಖಾಲಿ ಬಿಡಬೇಕಂತೆ. ಮರೆತು ಕೂತವರು ಸಂಜೆಯವರೆಗೂ ಗವ್ವ, ಅವರ ಜೊತೆ ಯಾರೂ ಮಾತಾಡುವ ಹಾಗಿಲ್ಲ. ಅವಳಿಗಂತೂ ದಿನವಿಡೀ ಅದೇ ಹೆಸರು, ಗವ್ವಿ. "ಯಾರು ಹೇಳಿದ್ದು ಈ ನಿಯಮ ಅಂತ ಕೇಳಿದೆ ಸಾರ್. ನಿಮ್ಮ ಮಗಳು ಎದ್ದು ನಿಂತು, ನಮ್ಮಪ್ಪ ಹೇಳಿದ್ದು ಅಂದಳು," ಎಂದು ಟೀಚರ್ ಫೋನಿಟ್ಟಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಹೇಳಿದ್ದು ನಿಜವೇ. ಹೋದ ವರ್ಷ ಒಂದು ಭಾನುವಾರ, ಕಾಲ ಬಳಿ ಹಳೆಯ ಪೇಪರು ಹರಡಿಕೊಂಡು ಚಪ್ಪಲಿಗೆ ಅಂಟು ಹಚ್ಚುತ್ತ ಕೂತಿದ್ದ. ಟೀವಿಯ ಮುಂದಿದ್ದ ಪುಟ್ಟಿ ತಿರುಗಿ, "ಅಪ್ಪಾ, ಗವ್ವನ ಪಕ್ಕ ಯಾವಾಗ್ಲೂ ಯಾಕೆ ಖಾಲಿ?" ಎಂದಳು. ಅವನಿಗೆ ಆಶ್ಚರ್ಯವಾಗಿತ್ತು, ಇಷ್ಟು ವರ್ಷದಲ್ಲಿ ಒಬ್ಬರಾದರೂ ಗುಂಪಿನ ಕಡೆ ನೋಡಿದರಲ್ಲ ಎಂದು ಹೆಮ್ಮೆಯೂ ಆಗಿತ್ತು. ಆದರೆ ಉತ್ತರ ಹುಡುಕುವ ತಾಳ್ಮೆ ಇರಲಿಲ್ಲ, ಅಂಟು ಒಣಗುತ್ತಿತ್ತು. "ಅದು ಅವರೂರಿನ ನಿಯಮ ಪುಟ್ಟಿ. ಗವ್ವನ ಪಕ್ಕ ಒಂದು ಜಾಗ ಬಿಡಬೇಕು." "ಯಾಕೆ?" "ನಿಯಮ ಅಂದ್ಮೇಲೆ ಯಾಕೆ ಅಂತ ಕೇಳಬಾರದು." ಎಷ್ಟು ಚೆನ್ನಾಗಿ ಬಾಯಿ ಮುಚ್ಚಿಸಿದೆ ಎಂದು ಚಪ್ಪಲಿಯನ್ನು ಒತ್ತಿ ಹಿಡಿದು ನಕ್ಕಿದ್ದ. ಆಗ ಅವಳಿಗೆ ಹೇಳಬಹುದಾಗಿದ್ದ ನಿಜ ಕಾರಣ ಬಹಳ ಸಣ್ಣದು, ಪಕ್ಕಾ ಕಸುಬಿನದು: ರೋಮವಿರುವ ಮೈ ಇನ್ನೊಂದು ಮೈಗೆ ತಾಗಿದರೆ ಗೆರೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಪ್ರತಿ ಚಿತ್ರದಲ್ಲೂ ಯಾವ ಎಳೆ ಯಾರ ಮುಂದೆ, ಯಾರ ಹಿಂದೆ ಎಂದು ಲೆಕ್ಕ ಹಾಕುತ್ತ ಕೂತರೆ ಮನೆಗೆ ಹೋದ ಹಾಗೆಯೇ. ನಡುವೆ ಒಂದು ಜಾಗ ಬಿಟ್ಟರೆ ಆ ತಾಪತ್ರಯವೇ ಇಲ್ಲ. ಅಷ್ಟೇ. ಇದರಲ್ಲಿ ಪಾಪ ಎಲ್ಲಿ ಬಂತು? ಮೂರು ಗಂಟೆಗೆ ಇದನ್ನೇ ಹೇಳುತ್ತೇನೆ ಎಂದುಕೊಂಡ. ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಮಕ್ಕಳಿಗೆ ಅರ್ಥವಾಗುತ್ತದೆ, ಪುಟ್ಟಿಗೂ ಅವಮಾನವಿಲ್ಲ. ಎದೆ ಸ್ವಲ್ಪ ಹಗುರವಾಯಿತು. ಆದರೂ ಒಂದು ಸಾಕ್ಷಿ ಇದ್ದರೆ ಒಳ್ಳೆಯದು ಎನಿಸಿ ಎದ್ದು ಬಣ್ಣದಕ್ಕನ ಮೇಜಿಗೆ ಹೋದ.

ಬಣ್ಣದಕ್ಕ ಎಂದರೆ ಚಿತ್ರಗಳಿಗೆ ಬಣ್ಣ ತುಂಬುವವಳು, ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾಳೆ. ಅವಳ ಜೊತೆ ಮಾತಾಡುವಾಗ ಅವನು ಸಾಮಾನ್ಯವಾಗಿ ಅವಳ ಮುಖ ಬಿಟ್ಟು ಕಂಪ್ಯೂಟರಿನ ಪರದೆ ನೋಡುತ್ತಿದ್ದ. "ಅಕ್ಕಾ, ರೋಮದ ಗೆರೆ ಬೇರೆಯವರ ಮೈಮೇಲೆ ಬಂದ್ರೆ ನಿಮಗೂ ಬಣ್ಣ ತುಂಬೋಕೆ ಕಷ್ಟ, ಅಲ್ವಾ?" ಎಂದ. "ಯಾರ ರೋಮ?" "ಗವ್ವಂದು." ಅವಳು ಕನ್ನಡಕ ಇಳಿಸಿ ಅವನನ್ನು ನೋಡಿದಳು. "ಯಾಕಪ್ಪಾ, ಕರಡಿ ಮೇಯರ್ ಏನು ಬೋಳಾ?" ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳು ನಗಲಿಲ್ಲ. ಏನೋ ಎರಡು ಸಲ ಒತ್ತಿ ಹಳೆಯ ಕಂತೊಂದನ್ನು ಪರದೆಗೆ ತಂದಳು. ಮೇಯರನ ಹುಟ್ಟುಹಬ್ಬ. ಅವನ ತೊಡೆಯ ಮೇಲೆ, ಹೆಗಲ ಮೇಲೆ, ಹೊಟ್ಟೆಯ ಮೇಲೆ ಹನ್ನೊಂದು ಮರಿಗಳು, ಒಂದೊಂದೂ ಮೊಣಕಾಲವರೆಗೆ ರೋಮದಲ್ಲಿ ಹೂತುಹೋಗಿವೆ, ಒಂದು ಮರಿ ಅದನ್ನೇ ಹೊದ್ದು ಮಲಗಿದೆ. "ಈ ಗುಂಪು ಬರೆದೋನು ನೀನೇ. ಮೂರು ದಿನ ಕೂತು ಬರೆದೆ. ಸಿಳ್ಳೆ ಹಾಕ್ಕೊಂಡು ಬರೆದೆ," ಎಂದಳು. ಅವನಿಗೆ ಆ ಮೂರು ದಿನ ನೆನಪಾದವು. ಸಿಳ್ಳೆಯ ರಾಗ ಕೂಡ ನೆನಪಾಯಿತು. ಕಿವಿ ಬಿಸಿಯಾಯಿತು. ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡಿದ ಕಾರಣ ಇಷ್ಟು ಜನರ ಮುಂದೆ ಒಂದೇ ಮಾತಿಗೆ ನೆಗೆದು ಬಿದ್ದಿತ್ತು.

ಇದೇ ಜಾಗದಲ್ಲಿ, ಇದೇ ಜನರ ಮುಂದೆ, ಅವನು ಅವಳಿಗೆ ಬೈದದ್ದೂ ಇತ್ತು. ಆಗ ಅವಳು ಅವನ ಕೈಕೆಳಗಿದ್ದಳು. ಒಂದು ಭಂಗಿಗೂ ಇನ್ನೊಂದು ಭಂಗಿಗೂ ನಡುವೆ ಬರುವ ಚಿತ್ರಗಳನ್ನು ಬರೆಯುತ್ತಿದ್ದಳು. ಒಂಬತ್ತನೆಯ ಕಂತು, ಬಸ್ ಸ್ಟಾಪಿನ ದೃಶ್ಯ. ಅವನು ಎಂದಿನಂತೆ ಗವ್ವನ ಪಕ್ಕ ಜಾಗ ಬಿಟ್ಟು ಕೊಟ್ಟಿದ್ದ. ಅವಳು ನಡುವಿನ ಹಾಳೆಗಳಲ್ಲಿ ಗವ್ವ ಕೈ ಚಾಚಿ ಒಂದು ಕೊಕ್ಕಿನ ಮಗುವಿನ ಹೆಗಲು ಹಿಡಿದಿರುವ ಹಾಗೆ ಬರೆದಿದ್ದಳು. ಅವನು ಆ ಹಾಳೆಯನ್ನು ಎತ್ತಿ ಹಿಡಿದು ಇಡೀ ಹಾಲಿಗೆ ಕೇಳುವಂತೆ, "ಕಣ್ಣಿದೆಯಾ ನಿಮಗೆ? ಎಲ್ಲಾದ್ರೂ ಇದೆಯಾ ಹೀಗೆ? ನಾನು ಕೊಟ್ಟಿದ್ದೇನು, ನೀವು ಮಾಡಿದ್ದೇನು?" ಎಂದು ಕೂಗಾಡಿದ್ದ. ಅವಳು ಮೆಲ್ಲಗೆ, "ಮಗು ಬೀಳೋ ಹಾಗಿತ್ತು ಸಂತೆ. ಅದಕ್ಕೇ ಹಿಡ್ಕೊಂಡಿತು," ಎಂದಿದ್ದಳು. "ಬಿದ್ರೆ ಬೀಳಲಿ, ನಿಮಗ್ಯಾಕೆ ಅಧಿಕಪ್ರಸಂಗ?" ಎಂದಿದ್ದ ಅವನು. ಅವಳು ಅಳಿಸಿ ಮತ್ತೆ ಬರೆದಳು. ಮರುವಾರವೇ ಬಣ್ಣದ ವಿಭಾಗ ಕೇಳಿ ಹೋದಳು. ಕಂತು ಪ್ರಸಾರವಾದ ದಿನ ನೋಡಿದರೆ ಒಂದು ಹಾಳೆ ತಪ್ಪಿಸಿಕೊಂಡು ಹೋಗಿತ್ತು. ಸೆಕೆಂಡಿನ ಇಪ್ಪತ್ತನಾಲ್ಕನೆಯ ಒಂದು ಪಾಲು, ಗವ್ವನ ಕೈ ಮಗುವಿನ ಹೆಗಲ ಮೇಲಿತ್ತು. ಯಾರ ಕಣ್ಣಿಗೂ ಬೀಳದು ಎಂದು ಅವನೂ ಸುಮ್ಮನಿದ್ದುಬಿಟ್ಟ. "ಇನ್ನೇನಾದ್ರೂ ಬೇಕಿತ್ತಾ?" ಎಂದು ಬಣ್ಣದಕ್ಕ ಈಗ ಕೇಳುತ್ತಿದ್ದಳು. ಅವನು ತಲೆಯಾಡಿಸಿ ತನ್ನ ಮೇಜಿಗೆ ಮರಳಿದ. ಎಷ್ಟೋ ಉದ್ದ ನಡೆದ ಹಾಗಾಯಿತು.

ಹಾಗಾದರೆ ಯಾಕೆ? ಯಾರೂ ಹೇಳಿರಲಿಲ್ಲವಲ್ಲ. ಯಜಮಾನರು ಕೊಟ್ಟಿದ್ದ ನಮೂನೆಯ ಹಾಳೆಯಲ್ಲಿ ಗವ್ವ ನಿಂತಿತ್ತು, ಅಷ್ಟೇ. ಕೂರುವುದನ್ನು ಮೊದಲು ಬರೆದವನು ಅವನು. ಎಲ್ಲಿಂದ ತಂದೆ ಆ ಭಂಗಿಯನ್ನು? ಮೇಜಿನ ಕೆಳಗಿನ ಖಾನೆಯಲ್ಲಿ ಮೊಣಕಾಲೂರಿ ಹುಡುಕಿದ. ಧೂಳು, ಮೊಂಡು ಪೆನ್ಸಿಲುಗಳು, ಪುಟ್ಟಿಯ ಹಳೆಯ ಹೇರ್‌ಕ್ಲಿಪ್ಪು, ಅದರಡಿಯಲ್ಲಿ ರಟ್ಟು ಹರಿದ ಸ್ಕೆಚ್ ಪುಸ್ತಕ. ಪುಟ ತಿರುಗಿಸುತ್ತ ಹೋದ. ಬಸ್ಸಿನ ಪುಟ ಬಂತು. ಮೂವರ ಸೀಟಿನಲ್ಲಿ ಕಿಟಕಿಗೆ ಒರಗಿ ಒಬ್ಬ ಗಂಡಸು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಚೀಲವನ್ನು ತೊಡೆಯ ಮೇಲೆ ನಿಲ್ಲಿಸಿ ತಬ್ಬಿಕೊಂಡು, ತನ್ನ ಮೈಯನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಮಾಡಿಕೊಂಡು ಕೂತಿದ್ದ. ಉಗುರುಗಳಿಗೆ ಇವನೇ ಪೆನ್ಸಿಲು ಒತ್ತಿ ಕಪ್ಪು ಹಚ್ಚಿದ್ದ. ಹೊಳೆಯಾಚೆಯವನು, ಇದ್ದಿಲು ಸುಟ್ಟು ಮಾರುವವನು. ಕಾಲ ಬಳಿ ಇದ್ದಿಲಿನ ಮೂಟೆ. ಅವನ ಪಕ್ಕದ ಎರಡು ಜಾಗ ಖಾಲಿ. ಇದೇ ಗವ್ವ, ರೋಮ ಒಂದು ಬಿಟ್ಟು. ಆದರೆ ಇವನನ್ನು ಹಿಡಿದು ಅಲ್ಲಾಡಿಸಿದ್ದು ಅದಲ್ಲ. ಚಿತ್ರವನ್ನು ಮೇಲಿನಿಂದ ನೋಡಿ ಬರೆದಿತ್ತು. ಅಂದರೆ ಬರೆದವನು ನಿಂತಿದ್ದ. ಬಸ್ಸು ಕಿಕ್ಕಿರಿದಿತ್ತು, ಎರಡು ಜಾಗ ಖಾಲಿಯಿದ್ದವು, ಅವನು ಕಂಬಕ್ಕೆ ಹೆಗಲು ಕೊಟ್ಟು, ಬೀಳುತ್ತ ಏಳುತ್ತ, ಎರಡೂ ಕೈಯಲ್ಲಿ ಪುಸ್ತಕ ಪೆನ್ಸಿಲು ಹಿಡಿದು, ಆ ಖಾಲಿ ಜಾಗವನ್ನು ಕಂಡದ್ದು ಕಂಡ ಹಾಗೆ ಬರೆದುಕೊಳ್ಳುತ್ತಿದ್ದ. ಜಾಗ ಖಾಲಿಯಿದ್ದದ್ದು ತಾನು ಅಲ್ಲಿ ಕೂರದೇ ಇದ್ದದ್ದಕ್ಕೆ ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ಆ ಮನುಷ್ಯ ತಲೆಯೆತ್ತಿ ನೋಡಿದ್ದ. ಇನ್ನೂ ಕಿಟಕಿಗೆ ಸರಿದು, ಪಕ್ಕದ ಸೀಟನ್ನು ಅಂಗೈಯಿಂದ ಒರೆಸಿ, "ಬನ್ನಿ," ಎನ್ನುವ ಹಾಗೆ ಗದ್ದ ಎತ್ತಿದ್ದ. "ಪರವಾಗಿಲ್ಲ, ಇಲ್ಲೇ ಇಳೀತೀನಿ," ಎಂದು ಇವನು ನಕ್ಕಿದ್ದ, ಬಹಳ ಸಭ್ಯವಾಗಿ. ಆಮೇಲೆ ಹನ್ನೊಂದು ಸ್ಟಾಪು ನಿಂತೇ ಬಂದಿದ್ದ. ಇಳಿಯುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಬೇರೆ ಕಡೆ ನೋಡಿದ್ದರು. ಸೀಟು ಒರೆಸಿದ ಆ ಕೈಯನ್ನು ಅವನು ಬರೆದುಕೊಂಡಿರಲಿಲ್ಲ.

"ಏನಯ್ಯಾ ಸಂತೆ, ನೆಲದ ಮೇಲೆ ಏನು ಹುಡುಕ್ತಿದೀಯ?" ಯಜಮಾನರ ಬೂಟುಗಳು ಮೊದಲು ಕಂಡವು. ಎದ್ದು ನಿಂತ, ಪುಸ್ತಕವನ್ನು ಯಾಕೋ ಬೆನ್ನ ಹಿಂದೆ ಮಾಡಿದ. ಅವರು ಹರಿದ ಕಾಗದ ನೋಡಿದರು, ಗಡಿಯಾರ ನೋಡಿದರು. "ಬೆಂಚು ಇವತ್ತು ಹೋಗ್ಬೇಕು. ನಾಳೆ ಅನ್ನೋ ಮಾತೇ ಇಲ್ಲ." "ಆಗುತ್ತೆ ಸಾರ್. ಮೂರು ಗಂಟೆಗೆ ಸ್ವಲ್ಪ ಮಗಳ ಶಾಲೆಗೆ..." "ಗೊತ್ತು, ಗೊತ್ತು. ಎಲ್ಲ ಕಿವಿಗೆ ಬಿದ್ದಿದೆ." ದನಿ ತಗ್ಗಿಸಿ ಅವನ ಹೆಗಲ ಮೇಲೆ ಕೈಯಿಟ್ಟರು, ಕೈ ಭಾರವಾಗಿತ್ತು. "ಮಕ್ಕಳ ಜಗಳ, ಮಕ್ಕಳ ಜಗಳ ಅಂತಾನೇ ಮುಗಿಸಿ ಬಾ. ಕಾರ್ಟೂನಿನ ಸುದ್ದಿ ಎತ್ತಬೇಡ. ಹಾಗೆ ಬರೆದಿದ್ವಿ, ಹೀಗೆ ಬರೆದಿದ್ವಿ ಅಂತ ದೊಡ್ಡ ಹರಿಶ್ಚಂದ್ರ ಆಗೋಕೆ ಹೋಗಬೇಡ. ಒಂದು ಮೇಯರ್ ಚಿತ್ರ ಬರೆದುಕೊಡು, ಕುಣೀತಾವೆ." ಅವನು ಹೂಂಗುಟ್ಟಿದ. ಹೂಂಗುಟ್ಟಿದ್ದು ಕೇಳಿ ತನ್ನ ಮೇಲೇ ಅಸಹ್ಯವಾಯಿತು. ಎರಡೂಕಾಲಿಗೆ ಪೆನ್ಸಿಲು ಕೆಳಗಿಟ್ಟಾಗ ಬೆಂಚಿನ ನಡುವೆ ಬಿಳಿ ಕಾಗದ ಹಾಗೇ ಇತ್ತು. ಕೈತೊಳೆಯಲು ಹೋದರೆ ಉಗುರು ಸಂದಿಯ ಕಪ್ಪು ಹೋಗಲಿಲ್ಲ, ಎಂದೂ ಹೋಗುವುದಿಲ್ಲ, ಪೆನ್ಸಿಲಿನ ಕಪ್ಪು. ಸೋಪು ಹಾಕಿ ತಿಕ್ಕಿ ತಿಕ್ಕಿ ಬೆರಳು ಕೆಂಪಾದವು.

ಶಾಲೆ ಸ್ಟುಡಿಯೋದ ಹತ್ತಿರವೇ, ನಡೆದ ದಾರಿಯುದ್ದಕ್ಕೂ ಮಾತು ಜೋಡಿಸಿದ. ಶಾಲೆಯ ಗೇಟು ದಾಟುವ ಹೊತ್ತಿಗೆ ಒಂದು ಉಪಾಯ ಸಿದ್ಧವಾಗಿತ್ತು: ಹೆಚ್ಚು ಮಾತೇ ಬೇಡ, ನೆಟ್ಟಗೆ ಹೋಗಿ ಆ ಹುಡುಗಿಯ ಪಕ್ಕದ ಖಾಲಿ ಜಾಗದಲ್ಲಿ ಕೂತುಬಿಡುವುದು. ಮಕ್ಕಳು ಬೆರಗಾಗಿ ನೋಡುತ್ತಾರೆ. ಟೀಚರ್ ಕಣ್ಣು ತೇವವಾಗುತ್ತದೆ. ಥೇಟ್ ಕೊನೆಯ ಕಂತು. ಒಳಗೆ ಕಾಲಿಟ್ಟು ಆ ಬೆಂಚು ಕಂಡಾಗ ಉಪಾಯ ನೀರುಪಾಲಾಯಿತು. ಹುಡುಗಿ ಬೆಂಚಿನ ನಟ್ಟನಡುವೆ ಕೂತಿದ್ದಳು. ಒಂದು ಪಕ್ಕ ಚೀಲ, ನೀರಿನ ಬಾಟಲಿ, ಮಡಿಸಿಟ್ಟ ಸ್ವೆಟರು. ಇನ್ನೊಂದು ಪಕ್ಕ ಪುಸ್ತಕಗಳು ಸಾಲಾಗಿ, ಬಾಯಿ ತೆರೆದ ಕಂಪಾಸ್ ಬಾಕ್ಸು, ಚೂಪು ಮಾಡಿದ ಐದು ಪೆನ್ಸಿಲು. ಮೂರು ತಿಂಗಳಲ್ಲಿ ಇಡೀ ಬೆಂಚಿನಲ್ಲಿ ಅವಳು ಸಂಸಾರ ಹೂಡಿದ್ದಳು. ಒಬ್ಬರೂ ಕೂರುವ ಹಾಗಿರಲಿಲ್ಲ. ಹತ್ತಿರ ಹಾದಾಗ ಅವನ ಮೂಗು ತಾನಾಗಿಯೇ ಹೊಗೆಯ ವಾಸನೆಗೆ ಸಿದ್ಧವಾಯಿತು. ಬಂದದ್ದು ಸೋಪಿನ ವಾಸನೆ, ಬಹಳ ಹೊತ್ತು ತಿಕ್ಕಿದ ಸೋಪಿನದು. ಅವಳು ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡಿದ್ದಳು. ಎರಡನೆಯ ಸಾಲಿನಲ್ಲಿ ಪುಟ್ಟಿ ಬೆನ್ನು ನೆಟ್ಟಗೆ ಮಾಡಿ ಕೂತು, ಅಕ್ಕಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತ, ನಮ್ಮಪ್ಪ, ನಮ್ಮಪ್ಪ ಎನ್ನುತ್ತಿದ್ದಳು.

"ಇವರೇ ‘ಎಲ್ಲರೂರು’ ಬರೆಯೋರು," ಎಂದರು ಟೀಚರ್. ಚಿಕ್ಕ ವಯಸ್ಸಿನವರು, ತೋಳಿನ ತುಂಬ ಸೀಮೆಸುಣ್ಣ, ಮುಖದ ತುಂಬ ಸುಸ್ತು. "ಓ..." ಎಂದಿತು ಕ್ಲಾಸು. "ಕರಡಿ ಮೇಯರ್ ಬರೀರಿ ಅಂಕಲ್!" ಎಂದು ಯಾರೋ ಕೂಗಿದರು, "ಬರೀರಿ, ಬರೀರಿ!" ಎಂದು ಎಲ್ಲರೂ. ಕೈಗೆ ಸೀಮೆಸುಣ್ಣ ಬಂದದ್ದೂ ಹಲಗೆಯ ಮೇಲೆ ಮೇಯರನ ದುಂಡು ಕಿವಿ ಮೂಡಿದ್ದೂ ಅವನಿಗೆ ತಿಳಿಯಲಿಲ್ಲ. ಎಷ್ಟು ಸಲೀಸಾಗಿತ್ತು. ಎರಡನೆಯ ಕಿವಿ, ಹಣೆ, ರೋಮದ ಗೆರೆಗಳು ಸರಸರ. ಮಕ್ಕಳು ಚಪ್ಪಾಳೆ ತಟ್ಟಿದರು. ಹೀಗೇ ಬರೆಯುತ್ತ ಹೋದರೆ ಗಂಟೆ ಹೊಡೆಯುತ್ತದೆ, ಮನೆಗೆ ಹೋಗಬಹುದು. "ಸಾರ್," ಎಂದರು ಟೀಚರ್ ಹಿಂದಿನಿಂದ. ಅಷ್ಟೇ. ಅವನ ಕೈ ನಿಂತಿತು. ತಿರುಗಿದರೆ ಪುಟ್ಟಿ ಆಗಲೇ ಎದ್ದು ನಿಂತಿದ್ದಳು. "ಅಪ್ಪಾ, ನಿಯಮ ಹೇಳು."

ಅವಳ ಮುಖ ನೋಡಿದ. ಜಡೆಯ ರಿಬ್ಬನ್ನು ಒಂದು ಕಡೆ ಜಾರಿತ್ತು. ಈ ಭೂಮಿಯ ಮೇಲೆ ಅವನ ಮಾತನ್ನು ಸಾಕ್ಷಿ ಕೇಳದೆ ನಂಬುವ ಜೀವ ಒಂದೇ ಒಂದು, ಅದು ಅಲ್ಲಿ ನಿಂತಿತ್ತು. "ನಿಯಮ ಇಲ್ಲ," ಎಂದ. ಸೀಮೆಸುಣ್ಣ ಕೆಳಗಿಟ್ಟು ಮತ್ತೆ ಹೇಳಿದ. "ಅಂಥ ನಿಯಮ ಇಲ್ಲ. ಯಾವತ್ತೂ ಇರಲಿಲ್ಲ. ಪುಟ್ಟಿಗೆ ನಾನು ಸುಳ್ಳು ಹೇಳಿದ್ದೆ. ಅವಳು ಅದನ್ನ ನಂಬಿ ನಿಮಗೆ ಹೇಳಿದಳು, ತಪ್ಪು ಅವಳದ್ದಲ್ಲ." ಪುಟ್ಟಿ ಕೂರಲಿಲ್ಲ, ಕೂರುವುದು ಮರೆತವಳಂತೆ ನಿಂತೇ ಇದ್ದಳು. ಕುತ್ತಿಗೆಯಿಂದ ಕೆಂಪು ಏರಿ ಕಿವಿಗೆ ಬಂತು. "ಮತ್ತೆ ಯಾವಾಗ್ಲೂ ಯಾಕೆ ಖಾಲಿ ಇರುತ್ತೆ?" ಎಂದ ಮೊದಲ ಬೆಂಚಿನ ಹುಡುಗ. "ನಾನೇ ಹಾಗೆ ಬರೆದೆ," ಎಂದ. "ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಒಬ್ಬರ ಪಕ್ಕ ನಾನು ಕೂರಲಿಲ್ಲ. ಅದನ್ನೇ ಬರೆದುಕೊಂಡೆ. ಆಮೇಲೆ ಅದೇ ಅಭ್ಯಾಸ ಆಯ್ತು. ನಾಚಿಕೆ ಆಗುತ್ತೆ ನನಗೆ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ ಮುಸಿಮುಸಿ ನಕ್ಕು, "ಸುಳ್ಳಪ್ಪ," ಎಂದರು. ಪುಟ್ಟಿಗೆ ಅದು ಕೇಳಿಸಿತು.

ಆಗ ಬೆಂಚಿನ ನಡುವೆ ಒಬ್ಬಳೇ ಕೂತಿದ್ದ ಆ ಹುಡುಗಿ ಮಾತಾಡಿದಳು. ಎದ್ದು ನಿಲ್ಲಲಿಲ್ಲ, ಕೈಯೆತ್ತಲಿಲ್ಲ. "ಒಂದರಲ್ಲಿ ಖಾಲಿ ಇಲ್ಲ," ಎಂದಳು. "ಒಂಬತ್ತನೇ ಕಂತು. ಬಸ್ ಸ್ಟಾಪು. ನಿಲ್ಲಿಸಿ ನಿಲ್ಲಿಸಿ ನೋಡ್ಬೇಕು, ಸುಮ್ಮನೆ ನೋಡಿದ್ರೆ ಸಿಗಲ್ಲ. ಗವ್ವ ಆ ಮಗೂನ ಹಿಡ್ಕೊಂಡಿದೆ. ಮಗು ಬೀಳೋ ಹಾಗಿತ್ತು." ಈ ಹುಡುಗಿ ಎಷ್ಟು ಸಂಜೆ ಕೂತು, ಎಷ್ಟು ಕಂತುಗಳನ್ನು ಹೀಗೆ ತಡೆದು ತಡೆದು ನೋಡಿರಬೇಕು, ಎಲ್ಲಾದರೂ ಒಂದು ಕಡೆ ಯಾರಾದರೂ ಪಕ್ಕದಲ್ಲಿದ್ದಾರೆಯೇ ಎಂದು. "ಅದನ್ನ ನೀವೇ ಬರೆದದ್ದಾ?" ಎಂದಳು. ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಹೌದು ಎಂದರೆ ಮುಗಿಯುತ್ತಿತ್ತು. ಹೌದಮ್ಮಾ, ಅದೊಂದು ನಾನೇ ಬೇಕೆಂದು ಬರೆದೆ, ನಿನ್ನಂಥವರು ಕಂಡುಹಿಡಿಯಲಿ ಎಂದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ಸಂತೋಷ, ಟೀಚರಿಗೆ ಸಮಾಧಾನ, ಪುಟ್ಟಿಯ ಅಪ್ಪನಿಗೆ ಅರ್ಧ ಮರ್ಯಾದೆ ವಾಪಸ್ಸು. ಚಪ್ಪಲಿಗೆ ಅಂಟು ಹಚ್ಚುತ್ತ ಹೇಳಿದ ಮಾತೂ ಹೀಗೇ ಸುಲಭವಾಗಿ ಬಂದಿತ್ತು. "ಇಲ್ಲ," ಎಂದ. "ನಮ್ಮಲ್ಲಿ ಒಬ್ಬರು ಅಕ್ಕ ಇದಾರೆ, ಅವರು ಬರೆದದ್ದು. ನಾನು ಅವರಿಗೆ ಬೈದು ಅಳಿಸಿಹಾಕಿಸಿದೆ. ಅದೊಂದು ಹೇಗೋ ತಪ್ಪಿ ಉಳ್ಕೊಂಡಿತು." "ಹಾಗಾದ್ರೆ ಅವರು ಬರ್ಬೇಕಿತ್ತು," ಎಂದಳು ಹುಡುಗಿ. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಕೇಳಿದ್ದೊಂದು, ಕೊಟ್ಟಿದ್ದೊಂದು ಆದಾಗ ಹೇಳುವ ಹಾಗೆ ಹೇಳಿ ತನ್ನ ಪೆನ್ಸಿಲುಗಳ ಕಡೆ ತಿರುಗಿದಳು. ಗಂಟೆ ಹೊಡೆಯಿತು. ಹಲಗೆಯ ಮೇಲೆ ಮೇಯರನಿಗೆ ಎರಡು ಕಿವಿ, ಒಂದು ಹಣೆ, ಅಷ್ಟೇ ಇತ್ತು. ಯಾರೋ ಬಂದು ಅದನ್ನು ಒರೆಸಿದರು.

ಬಸ್ ಸ್ಟಾಪಿನವರೆಗೆ ಪುಟ್ಟಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಚೀಲ ಕೊಡು ಎಂದರೆ ಕೊಡಲಿಲ್ಲ. ಒಂದೇ ಒಂದು ಸಲ, ಹಿಂದೆ ತಿರುಗದೆ, "ಇನ್ಮೇಲೆ ನನ್ನ ಮಾತು ಯಾರಪ್ಪಾ ನಂಬ್ತಾರೆ?" ಎಂದಳು. ಅವನ ಬಳಿ ಇದ್ದ ಉತ್ತರಗಳೆಲ್ಲ ಅಪ್ಪಂದಿರು ಕೊಡುವ ಉತ್ತರಗಳು. ಬೆಂಚು ಬಾಕಿ ಇದೆ, ಯಜಮಾನರು ಹಾರಾಡುತ್ತಿರುತ್ತಾರೆ, ಇವಳನ್ನು ಮನೆಯಲ್ಲಿ ಬಿಟ್ಟು ಮರಳಬೇಕು. ಮರಳಿ ಹೋಗಿ ಮೊದಲು ಬಣ್ಣದಕ್ಕನ ಮುಂದೆ ನಿಲ್ಲಬೇಕು, ಎಲ್ಲರಿಗೂ ಕೇಳುವ ಹಾಗೆ, ಬೈದ ಜಾಗದಲ್ಲೇ. ಬೆಂಚಿನ ನಡುವೆ ನೀವೇ ಬರೆದುಕೊಡಿ ಅಕ್ಕಾ ಎಂದು ಕೇಳಬೇಕು. ಹೀಗೆಂದುಕೊಳ್ಳುತ್ತಿದ್ದಾಗ ಬಸ್ಸು ಬಂತು. ಜನ ತುಂಬಿತ್ತು. ಮೂವರ ಸೀಟೊಂದರಲ್ಲಿ ಕಿಟಕಿಯ ಬಳಿ ಹೊಳೆಯಾಚೆಯ ಮುದುಕ ಒಬ್ಬ ಕೂತಿದ್ದ, ಕಾಲ ಬಳಿ ಖಾಲಿ ಮೂಟೆಗಳ ಕಟ್ಟು. ಪಕ್ಕದ ಎರಡೂ ಜಾಗ ಖಾಲಿ. ಸುತ್ತ ಆರೇಳು ಜನ ನೇತಾಡುತ್ತ ನಿಂತಿದ್ದರು. ಬೆಳಿಗ್ಗೆಯೂ ಹೀಗೇ ಇತ್ತಲ್ಲ. ಬೆಳಿಗ್ಗೆ ಹೊಳೆಯಾಚೆಯ ಒಬ್ಬಳು ಹೆಂಗಸು ಸೀರೆ ಒತ್ತಿಕೊಂಡು ಸರಿದು ಜಾಗ ಮಾಡಿದ್ದಳು. ಪುಟ್ಟಿಯ ಕೈ ಹಿಡಿದುಕೊಂಡಿದ್ದ ಅವನು ಕೂರದೆ ಏನೋ ಹೇಳಿದ್ದ, ಏನೆಂದು ಈಗ ನೆನಪಾಗಲಿಲ್ಲ. ದಿನಾ ಏನೋ ಒಂದು ಹೇಳುತ್ತಿದ್ದ. ಅವನು ಹೋಗಿ ಮುದುಕನ ಪಕ್ಕ ಕೂತ. ತೋಳಿಗೆ ತೋಳು ತಾಗಿತು. ಮುದುಕ ಗಾಬರಿಯಾಗಿ ಮೊಣಕೈ ಎಳೆದುಕೊಂಡು ಕಿಟಕಿಗೆ ಒತ್ತಿಕೊಂಡ. "ಪರವಾಗಿಲ್ಲ, ಆರಾಮಾಗಿ ಕೂತ್ಕೊಳಿ," ಎಂದ ಇವನು. ಹೊಗೆಯ ವಾಸನೆ ಇತ್ತು, ಇದ್ದಿಲಿನದು, ಅಷ್ಟೇನೂ ಇರಲಿಲ್ಲ. ತಲೆಯೆತ್ತಿದ. ಪುಟ್ಟಿ ಕಂಬ ತಬ್ಬಿಕೊಂಡು ನಿಂತಿದ್ದಳು. ಮೇಲಿನಿಂದ ಅವರಿಬ್ಬರನ್ನೂ ನೋಡುತ್ತಿದ್ದಳು, ಅವನು ಆ ದಿನ ನೋಡಿದ ಹಾಗೆಯೇ. ಅವನಿಗೆ ಅರಿವಿಲ್ಲದೆ ಮೈ ಚಿಕ್ಕದಾಯಿತು. ಇನ್ನಷ್ಟು ಒಳಗೆ ಸರಿದ. ಅಂಚಿನಲ್ಲಿ ಉಳಿದ ಒಂದು ಜಾಗವನ್ನು ಅಂಗೈಯಿಂದ ಒರೆಸಿದ. "ಬಾ ಪುಟ್ಟಿ. ಕೂತ್ಕೋ."

ಅವಳು ಜಾಗ ನೋಡಿದಳು, ಮುದುಕನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ನಕ್ಕಳು, ಬಹಳ ಸಭ್ಯವಾಗಿ.

"ಪರವಾಗಿಲ್ಲಪ್ಪಾ. ಇಲ್ಲೇ ಇಳೀತೀವಲ್ಲ."

ಮನೆಗೆ ಇನ್ನೂ ಹನ್ನೊಂದು ಸ್ಟಾಪು ಇತ್ತು.